ಬೈಬಲ್‌ನಲ್ಲಿ ಟಗರಿನ ಕೊಂಬು ಯುದ್ಧಕ್ಕೂ ಊದ್ತಾರೆ, ಹಬ್ಬಕ್ಕೂ ಊದ್ತಾರೆ, ಲೋಕದ ಕೊನೆಗೂ ಊದ್ತಾರೆ. ಏನಿದರ ಅರ್ಥ?

ಯಾಜಕರು ಕೊಂಬು ಊದಿ ಜನ ಕೂಗಿದಾಗ ಶತ್ರುಗಳ ಪಟ್ಟಣ ಯೆರಿಕೋದ ಗೋಡೆ ಬಿದ್ದ ಕಥೆ ಓದಿದ್ರೆ ಕೊಂಬು ಜಯದ ಗುರುತು ಅನ್ಸತ್ತೆ, ಆದ್ರೆ ಬೈಬಲ್ಲಿನ ಕೊನೇ ಪುಸ್ತಕ ಪ್ರಕಟನೆಯಲ್ಲಿ ದೇವದೂತರು ತುತೂರಿ ಊದಿದ್ರೆ ಭೂಮಿಗೇ ವಿಪತ್ತು ಬರತ್ತಲ್ಲ, ಇದೇನು ಅಂತ ಕೇಳಿದ್ದೀರ. ಒಳ್ಳೇ ಪ್ರಶ್ನೆ. ನಾನು ಕ್ರೈಸ್ತ ಮನೆಯಲ್ಲಿ ಬೆಳೆದವನು, ನಮ್ಮ ಪ್ರಸಂಗಗಳಲ್ಲಿ ಈ ವಿಷಯ ಬಂದ್ರೆ ಯೆರಿಕೋನೇ ಜಾಸ್ತಿ, ಗೋಡೆ ಬಿತ್ತು ಹಲ್ಲೆಲೂಯ ಅಂತ ಮುಗಿಸ್ಬಿಡ್ತಾರೆ. ಯೆಹೂದ್ಯರು ಇದನ್ನ ಹೇಗೆ ನೋಡ್ತಾರೆ ಅಂತ ಓದ್ತಾ ಹೋದ ಹಾಗೆ ನನಗೆ ಅನಿಸಿದ್ದು ಇಷ್ಟು: ಕೊಂಬು ಮೊದಲು ಒಂದು ಕೂಗು. ದೇವರು ಜನರನ್ನ ಕೂಗೋದೂ ಅದರಲ್ಲೇ, ಜನ ದೇವರಿಗೆ ಮೊರೆ ಇಡೋದೂ ಅದರಲ್ಲೇ. ಜಯ ಗಿಯ ಎಲ್ಲ ಆಮೇಲೆ.

ವಾದ್ಯ ಹೇಗಿರತ್ತೆ ಅಂತ ಮೊದಲು ನೋಡಿ. ಇದರ ಹೆಸರು ಶೋಫಾರ್. ಟಗರಿನ ಕೊಂಬು ತಗೊಂಡು ಒಳಗಿನ ಮೂಳೆ ತೆಗೆದು, ತುದಿ ಕತ್ತರಿಸಿ ತೂತು ಕೊರೀತಾರೆ, ಅಷ್ಟೇ. ನಮ್ಮ ಜಾತ್ರೆಯ ಕೊಂಬು ಕಹಳೆ ಲೋಹದ್ದು, ಇದು ಪ್ರಾಣಿಯ ಮೈಯಿಂದಲೇ ಬಂದಿದ್ದು. ಬೆರಳಿಡೋಕೆ ತೂತಿಲ್ಲ, ಪೀಪಿ ಇಲ್ಲ, ತುಟಿ ಬಿಗಿ ಹಿಡಿದು ಊದಿದ್ರೆ ಎರಡು ಮೂರು ಸ್ವರ ಬಂದ್ರೆ ಹೆಚ್ಚು. ದಾವೀದನ ಕಿನ್ನರಿಯಲ್ಲಿ ಹಾಡು ನುಡಿಸಬಹುದು, ಇದರಲ್ಲಿ ಆಗಲ್ಲ. ಮಾತೂ ಇಲ್ಲ ರಾಗವೂ ಇಲ್ಲ, ಬರೀ ದನಿ.

ಈ ದನಿ ಮೊದಲು ಕೇಳೋದು ದೇವರು ಇಳಿದು ಬಂದ ಸೀನಾಯಿ ಬೆಟ್ಟದಲ್ಲಿ, ವಿಮೋಚನಕಾಂಡ 19. ಗುಡುಗು ಮಿಂಚು, ಬೆಟ್ಟದ ಮೇಲೆ ಕಾರ್ಮೋಡ, ಕೊಂಬಿನ ಧ್ವನಿ ಬರ್ತಾ ಬರ್ತಾ ಜೋರಾಗತ್ತೆ, ಪಾಳೆಯದಲ್ಲಿದ್ದ ಜನ ಎಲ್ಲಾ ನಡುಗ್ತಾರೆ. ಗಮನಿಸಿ, ಊದ್ತಾ ಇರೋದು ಯಾರು ಅಂತ ಅಲ್ಲಿ ಹೇಳೇ ಇಲ್ಲ! ಮನುಷ್ಯ ಊದಿದ್ರೆ ಉಸಿರು ಸಾಲದೆ ದನಿ ಇಳೀಬೇಕು, ಇಲ್ಲಿ ಏರ್ತಾ ಹೋಗತ್ತೆ.

ಇನ್ನು ಟಗರೇ ಯಾಕೆ ಅಂದ್ರೆ ಅಬ್ರಹಾಮನ ಕಥೆ. ಮಗ ಇಸಾಕನನ್ನ ಬಲಿ ಕೊಡೋಕೆ ಕತ್ತಿ ಎತ್ತಿದಾಗ ದೇವದೂತ ತಡೀತಾನೆ, ಪೊದೆಯಲ್ಲಿ ಕೊಂಬು ಸಿಕ್ಕಿಹಾಕ್ಕೊಂಡ ಟಗರು ಕಾಣತ್ತೆ, ಮಗನ ಬದಲು ಅದು ಬಲಿಯಾಗತ್ತೆ. ಟಗರಿನ ಕೊಂಬು ಊದಿದ್ರೆ ದೇವರು ಇಸಾಕನ ಪ್ರಸಂಗ ನೆನಪಿಸ್ಕೊಳ್ತಾನೆ ಅಂತ ಯೆಹೂದ್ಯರ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್‌ನಲ್ಲಿ ಅಬ್ಬಾಹು ಅನ್ನೋ ರಬ್ಬಿ, ಅಂದ್ರೆ ಯೆಹೂದ್ಯ ಧರ್ಮಗುರು, ಹೇಳಿರೋದಿದೆ. ಹಸುವಿನ ಕೊಂಬು ಮಾತ್ರ ಬೇಡ ಅಂತಾರೆ, ಅದಕ್ಕೆ ಕೊಡೋ ಕಾರಣಗಳಲ್ಲಿ ಒಂದು ಇಸ್ರಾಯೇಲ್ಯರು ಚಿನ್ನದ ಕರು ಮಾಡಿ ಪೂಜಿಸಿದ ಪಾಪ, ಕ್ಷಮೆ ಕೇಳೋಕೆ ಹೋದಾಗ ಆ ಪಾಪ ನೆನಪಿಸೋ ವಸ್ತು ಯಾಕೆ ಕೈಯಲ್ಲಿ ಹಿಡ್ಕೋಬೇಕು ಅಂತ.

ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಸೀಸೆರನ ತಾಯಿ. ನ್ಯಾಯಸ್ಥಾಪಕರು 5ನೇ ಅಧ್ಯಾಯ ತೆಗೀರಿ. ಸೀಸೆರ ಇಸ್ರಾಯೇಲ್ಯರ ಶತ್ರು, ಕಬ್ಬಿಣದ ರಥಗಳ ಸೇನಾಪತಿ, ಸೋತು ಓಡಿ ಬಂದವನನ್ನ ಯಾಯೇಲ ಅನ್ನೋ ಹೆಂಗಸು ಗುಡಾರದ ಗೂಟ ಹೊಡೆದು ಕೊಲ್ತಾಳೆ. ಆಮೇಲೆ ಇಸ್ರಾಯೇಲ್ಯರ ನಾಯಕಿ ದೆಬೋರಳ ವಿಜಯಗೀತೆ ಇದೆ, ಅದರ ಕೊನೆಯಲ್ಲಿ ಸೀಸೆರನ ತಾಯಿ ಕಿಟಕಿಯಲ್ಲಿ ನಿಂತು ಮಗನ ರಥ ಯಾಕೆ ಇನ್ನೂ ಬರ್ಲಿಲ್ಲ ಅಂತ ಅಳ್ತಾ ಇರ್ತಾಳೆ. ಹೊಸವರ್ಷದ ಹಬ್ಬ ರೋಶ್ ಹಶಾನಾದಲ್ಲಿ ಕೊಂಬನ್ನ ಹೇಗೆ ಊದಬೇಕು ಅಂತ ರಬ್ಬಿಗಳು ಚರ್ಚೆ ಮಾಡಿದಾಗ ಅಳತೆಗೆ ತಗೊಂಡಿದ್ದು ಈ ತಾಯಿಯ ಅಳುವನ್ನ! ಅವಳು ನಿಟ್ಟುಸಿರು ಬಿಟ್ಟು ನರಳಿದ್ಲಾ, ಬಿಕ್ಕಿ ಬಿಕ್ಕಿ ಅತ್ತಳಾ? ಮೇಲೆ ಹೇಳಿದ ಅದೇ ಅಬ್ಬಾಹು ಎರಡೂ ಊದಿ ಅಂತ ನಿಯಮ ಮಾಡಿದ್ರು. ಅದಕ್ಕೇ ಇವತ್ತಿಗೂ ಮೊದಲು ತೆಕಿಯಾ ಅಂತ ಒಂದು ನೀಳ ದನಿ, ಆಮೇಲೆ ಶೆವಾರಿಂ ಅಂತ ಮೂರು ಮುರಿದ ದನಿ, ತೆರುವಾ ಅಂತ ಒಂಬತ್ತು ಬಿಕ್ಕಳಿಕೆ, ಮತ್ತೆ ನೀಳ ದನಿ, ಹೀಗೆ ಸೇರಿಸಿ ಸೇರಿಸಿ ಹಬ್ಬದ ದಿನ ವಾಡಿಕೆಯಂತೆ 100 ಸಲ ಊದ್ತಾರೆ. ಶತ್ರುವಿನ ತಾಯಿ ಅತ್ತಿದ್ದನ್ನ ತಮ್ಮ ಪ್ರಾರ್ಥನೆಯ ಒಳಗೇ ಇಟ್ಕೊಂಡಿದ್ದಾರೆ ಅಂದ್ರೆ ಸುಮ್ನೆ ಮಾತಲ್ಲ. ಬರೀ ಗೆಲುವಿನ ಕಹಳೆ ಅನ್ನೋರು ಇದನ್ನ ಒಂದು ಸಲ ಓದಬೇಕು.

ಇಸ್ರಾಯೇಲ್ಯರ ನಾಯಕ ಗಿದ್ಯೋನ 300 ಜನರ ಕೈಗೆ ಕೊಂಬು ಕೊಟ್ಟು ರಾತ್ರಿ ಶತ್ರು ಪಾಳೆಯವನ್ನ ಬೆಚ್ಚಿಬೀಳಿಸಿದ್ದು ನಿಮಗೆ ಗೊತ್ತಿರತ್ತೆ, ಅದನ್ನ ಬಿಡ್ತೀನಿ. ಯಾಜಕಕಾಂಡ 25 ಮಾತ್ರ ಬಿಡಬೇಡಿ. ಪ್ರತಿ 50ನೇ ವರ್ಷ, ದೋಷಪರಿಹಾರಕ ದಿನ ಅಂದ್ರೆ ಜನರ ಪಾಪ ಕಳೆಯೋ ದಿನ, ದೇಶದ ಉದ್ದಕ್ಕೂ ಕೊಂಬು ಊದಿಸಬೇಕು, ಊದಿದ ಮೇಲೆ ಕಷ್ಟಕ್ಕೆ ಮಾರಿದ ಹೊಲ ಹಳೇ ಮನೆತನಕ್ಕೆ ವಾಪಸ್, ಸಾಲಕ್ಕೆ ತನ್ನನ್ನೇ ಮಾರ್ಕೊಂಡವನು ಬಿಡುಗಡೆಯಾಗಿ ಮನೆಗೆ. ಅಮೆರಿಕದ ಫಿಲಡೆಲ್ಫಿಯಾದ ಲಿಬರ್ಟಿ ಬೆಲ್ ಅನ್ನೋ ಸ್ವಾತಂತ್ರ್ಯದ ಗಂಟೆ ಮೇಲೆ ಕೆತ್ತಿರೋ ವಾಕ್ಯ ಇದೇ ಅಧ್ಯಾಯದ 10ನೇ ವಚನದ್ದು, ಕೊಂಬು ಊದಿ ಅನ್ನೋದು ಅದರ ಹಿಂದಿನ ವಚನ.

ಈಗ ನಿಮ್ಮ ಪ್ರಕಟನೆ ಪ್ರಶ್ನೆಗೆ ಬರೋಣ. ಅದಕ್ಕೆ ಕೀಲಿ ಯೆಹೆಜ್ಕೇಲ 33ರಲ್ಲಿದೆ. ಊರ ಕಾವಲುಗಾರ ಶತ್ರು ಬರೋದು ನೋಡಿ ಕೊಂಬು ಊದಿದ್ರೆ, ಕೇಳಿಯೂ ಎಚ್ಚರ ಆಗದವನ ಸಾವಿಗೆ ಅವನೇ ಹೊಣೆ, ಊದದೇ ಸುಮ್ನಿದ್ರೆ ಆ ರಕ್ತಕ್ಕೆ ಕಾವಲುಗಾರ ಹೊಣೆ. ಅಂದ್ರೆ ಕೊಂಬು ಊದೋದು ಜನರನ್ನ ಉಳಿಸೋಕೆ. ಪ್ರಕಟನೆ 8ರಿಂದ ಬರೋ ಏಳು ದೇವದೂತರು ಏಳು ತುತೂರಿ ನೋಡಿದ್ರೆ ಯೆರಿಕೋ ಸುತ್ತಿದ ಏಳು ಯಾಜಕರು ಏಳು ಕೊಂಬು ನೆನಪಾಗ್ಲೇಬೇಕು. ವಿಪತ್ತುಗಳು ಹೆಚ್ಚಾಗಿ ಮೂರರಲ್ಲಿ ಒಂದು ಪಾಲಿಗೇ ನಿಲ್ತವೆ, ಪೂರ್ತಿ ನಾಶ ಅಲ್ಲ. 9ನೇ ಅಧ್ಯಾಯದ ಕೊನೆಗೆ ಉಳಿದವರು ಇಷ್ಟಾದ್ರೂ ಮಾನಸಾಂತರ ಪಡಲಿಲ್ಲ, ಅಂದ್ರೆ ತಪ್ಪು ಬಿಟ್ಟು ದೇವರ ಕಡೆ ತಿರುಗಲಿಲ್ಲ ಅಂತ ನೋವಿನಿಂದ ಬರೆದಿದೆ. ಅದು ಶಿಕ್ಷೆಯೂ ಹೌದು, ಆದ್ರೆ ನನ್ನ ಓದಿನಲ್ಲಿ ಅದಕ್ಕಿಂತ ಮೊದಲು ಎಚ್ಚರಿಕೆ.

ಯೇಸುವಿನ ಸಂದೇಶ ಸಾರಿದ ಪೌಲ ಹೇಳೋ ಕಡೇ ತುತೂರಿ, 1 ಕೊರಿಂಥ 15ರದ್ದು, ನಮ್ಮಲ್ಲಿ ಮಣ್ಣು ಮಾಡುವಾಗ ಓದೋದು, ಅದೂ ಕೂಗೇ, ಸತ್ತವರನ್ನ ಎಬ್ಬಿಸೋ ಕೂಗು. ಪೌಲ ಯೆಹೂದ್ಯ, ಆ ದನಿ ಕೇಳ್ತಾನೇ ಬೆಳೆದವನು. ಅದಕ್ಕೂ ಎಷ್ಟೋ ಮುಂಚೆ ಯೆಶಾಯ 27:13 ಮಹಾ ಕೊಂಬು ಊದಿದಾಗ ಅಶ್ಶೂರದಲ್ಲೂ ಐಗುಪ್ತದಲ್ಲೂ ಚದುರಿ ಹೋದವರು ಯೆರೂಸಲೇಮಿಗೆ ವಾಪಸ್ ಬರ್ತಾರೆ ಅಂದಿತ್ತು. ನೀವು ಓದೋದಾದ್ರೆ ಪ್ರಕಟನೆಯಿಂದ ಶುರು ಮಾಡ್ಬೇಡಿ, ಯೆಶಾಯ 27, ಯೆಹೆಜ್ಕೇಲ 33, ಆಮೇಲೆ ಮತ್ತಾಯ 24:31, ಈ ಕ್ರಮದಲ್ಲಿ ಓದಿ.