ಮೊಡವೆ ಹೋದ ಮೇಲೆ ಕೆನ್ನೆಯಲ್ಲಿ ಉಳಿದ ಗುಳಿಗೆ ಯಾವ ಕ್ರೀಮ್ ಹಚ್ಚಬೇಕು?

ಕ್ರೀಮಿನಿಂದ ಗುಳಿ ತುಂಬುವುದಿಲ್ಲ, ಸುಮ್ನೆ ದುಡ್ಡು ದಂಡ. ಮೊದಲು ಅದು ಗುಳಿಯೋ ಬರೀ ಕಲೆಯೋ ನೋಡಿಕೊಳ್ಳಿ. ಕಿಟಕಿ ಪಕ್ಕ ನಿಂತು ಕನ್ನಡಿ ಹಿಡಿಯಿರಿ. ಪಕ್ಕದಿಂದ ಬೆಳಕು ಬಿದ್ದಾಗ ಸಣ್ಣ ನೆರಳು ಕಂಡರೆ ಗುಳಿ. ಚಪ್ಪಟೆಯಾಗಿ ಕಂದು ಬಣ್ಣಕ್ಕಿದ್ದರೆ ಕಲೆ. ದಿನವೂ ಸನ್‌ಸ್ಕ್ರೀನ್ ಹಚ್ಚುತ್ತಾ ಬಂದರೆ ಅದು ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ.

ಗುಳಿಯಲ್ಲೂ ಬಗೆಗಳಿವೆ. ಸೂಜಿ ಚುಚ್ಚಿದಂತೆ ಕಿರಿದಾಗಿ ಆಳಕ್ಕಿದ್ದರೆ ಟಿಸಿಎ ಕ್ರಾಸ್ ಮಾಡುತ್ತಾರೆ. ಕಡ್ಡಿಯ ತುದಿಯಲ್ಲಿ ತೀಕ್ಷ್ಣ ಆಸಿಡ್ ತೆಗೆದು ಆ ತೂತಿಗಷ್ಟೇ ಮುಟ್ಟಿಸುತ್ತಾರೆ. ಜಾಗ ಬೆಳ್ಳಗಾಗುತ್ತದೆ, ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತದೆ. ಒಳಗೆ ಹೊಸ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಬೆಳೆದು ತಳ ಮೇಲೇರುತ್ತದೆ. ಅಲೆಯಂತೆ ಅಗಲವಾಗಿದ್ದರೆ, ಚರ್ಮವನ್ನು ಕೆಳಗೆ ಎಳೆದು ಹಿಡಿದ ನಾರುಗಳನ್ನು ಸೂಜಿಯಿಂದ ಬಿಡಿಸುವ ಸಬ್‌ಸಿಷನ್ ಒಳ್ಳೆಯದು. ಸಣ್ಣ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೊನೀಡ್ಲಿಂಗ್ ಆದರೆ 4–6 ವಾರಕ್ಕೊಮ್ಮೆ, ಸಾಮಾನ್ಯವಾಗಿ 3–6 ಸಲ ಬೇಕು.

ನಮ್ಮಂಥ ಗೋಧಿ, ಕಪ್ಪು ಬಣ್ಣದವರಿಗೆ ಜೋರು ಲೇಸರ್ ಕೊಟ್ಟರೆ ಹೊಸದಾಗಿ ಕಪ್ಪು ಕಲೆ ಬೀಳುವ ಭಯ ಜಾಸ್ತಿ. ಹಾಗಾಗಿ ಪಾರ್ಲರ್ ಬೇಡವೇ ಬೇಡ, ಚರ್ಮದ ಡಾಕ್ಟರ ಹತ್ತಿರವೇ ಹೋಗಿ. ಮೊಡವೆ ಇನ್ನೂ ಏಳುತ್ತಿದ್ದರೆ ಮೊದಲು ಅದಕ್ಕೆ ಔಷಧಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಹೊಸ ಗುಳಿ ಬೀಳುತ್ತಲೇ ಇರುತ್ತದೆ, ಅಲ್ವಾ?