ಒಂದು ರಾತ್ರಿ ಪಾಯಿಂಟ್‌ಗೆ, ಎರಡು ರಾತ್ರಿ ರೊಕ್ಕಕ್ಕೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಹೋಟೆಲ್ ಸದಸ್ಯತ್ವದ ಪಾಯಿಂಟ್‌ಗಳನ್ನು (ಉಳಿದುಕೊಂಡಾಗ ಹೋಟೆಲ್ ಸಮೂಹ ಸದಸ್ಯರ ಖಾತೆಗೆ ಹಾಕುವ, ಮುಂದೆ ಬಾಡಿಗೆಯ ಬದಲು ಬಳಸಬಹುದಾದ ಅಂಕಗಳು) ದುಡ್ಡು ಕೊಟ್ಟು ಮಾಡಿದ ಬುಕಿಂಗ್ ಜೊತೆ ಸೇರಿಸಿ ಬಳಸುವುದು ಹೇಗೆ ಎಂದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಆಯ್ದ ಪ್ರಶ್ನೆಗಳು ಇಲ್ಲಿವೆ.

ಮಗಳ ಕಾಲೇಜು ಪ್ರವೇಶಕ್ಕೆ ಬೆಂಗಳೂರಿನಲ್ಲಿ ಭಾನುವಾರ, ಸೋಮವಾರ, ಮಂಗಳವಾರ ಮೂರು ರಾತ್ರಿ ಇರಬೇಕು. ನನ್ನ ಪಾಯಿಂಟ್ ಒಂದು ರಾತ್ರಿಗಷ್ಟೇ ಸಾಲುತ್ತವೆ. ಉಳಿದೆರಡು ರಾತ್ರಿಗೆ ರೊಕ್ಕ ಕೊಟ್ಟು ಅದೇ ಹೋಟೆಲಿನಲ್ಲಿ ಇರಬಹುದೇನ್ರಿ? ಯಾವ ರಾತ್ರಿಗೆ ಪಾಯಿಂಟ್ ಹಾಕಬೇಕು?
– ಅಕ್ಕಿ ವ್ಯಾಪಾರಿ, ಗಂಗಾವತಿ

ಧಾರಾಳವಾಗಿ ಇರಬಹುದು. ಮೂರು ರಾತ್ರಿಗೆ ಒಂದೇ ಬುಕಿಂಗ್ ಮಾಡಲು ಹೋಗಬೇಡಿ, ಎರಡು ಮಾಡಿ. ಮೂರೂ ರಾತ್ರಿ ಸೇರಿಸಿ ಪಾಯಿಂಟ್‌ನಲ್ಲಿ ಹುಡುಕಿದರೆ ಆ್ಯಪ್ ‘ರೂಮ್ ಇಲ್ಲ’ ಅಥವಾ ‘ಪಾಯಿಂಟ್ ಸಾಲದು’ ಎಂದು ತೋರಿಸಿ ಸುಮ್ಮನಾಗುತ್ತದೆ. ಒಂದೊಂದೇ ರಾತ್ರಿ ಹಾಕಿ ಹುಡುಕಿ ನೋಡಿ, ಸಿಗುವ ಸಾಧ್ಯತೆ ಹೆಚ್ಚು. ಹಬ್ಬ, ವಾರಾಂತ್ಯಗಳಲ್ಲಿ ಕೆಲವು ಹೋಟೆಲ್‌ಗಳು ಕನಿಷ್ಠ ಎರಡು ರಾತ್ರಿ ಇರಲೇಬೇಕೆಂದು ನಿಯಮ ಹಾಕಿರುತ್ತವೆ. ಆಗ ಒಂದು ರಾತ್ರಿಯ ಪಾಯಿಂಟ್ ರೂಮು ಕಾಣಿಸುವುದಿಲ್ಲ.

ಯಾವ ರಾತ್ರಿ ಎಂಬುದಕ್ಕೆ ಲೆಕ್ಕ ಸರಳ. ತೆರಿಗೆ ಸೇರಿದ ಬಾಡಿಗೆಯನ್ನು ಆ ರಾತ್ರಿಗೆ ಕೇಳುವ ಪಾಯಿಂಟ್‌ಗಳಿಂದ ಭಾಗಿಸಿ. ಬೆಂಗಳೂರಿನ ಕಚೇರಿ ಪ್ರದೇಶದ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ವಾರದ ನಡುವೆ ದರ ಏರುತ್ತದೆ. ಹಂಪಿಯ ಸುತ್ತಮುತ್ತ ಶನಿವಾರ ಏರುತ್ತದೆ. ಉದಾಹರಣೆಗೆ ಭಾನುವಾರ ₹6,400, ಸೋಮವಾರ ₹7,300, ಮಂಗಳವಾರ ₹9,200 ಇದೆ, ಪಾಯಿಂಟ್‌ನಲ್ಲಾದರೆ ಮೂರೂ ದಿನ ತಲಾ 12,000 ಕೇಳುತ್ತಾರೆ ಎನ್ನೋಣ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ಹೆಚ್ಚಿನದಕ್ಕೆ 18%. ಅಂದರೆ ನಿಮ್ಮ ಕೈಯಿಂದ ಹೋಗುವುದು ಕ್ರಮವಾಗಿ ₹6,720, ₹7,665, ₹10,856. ಭಾನುವಾರಕ್ಕೆ ಹಾಕಿದರೆ ಒಂದು ಪಾಯಿಂಟ್‌ಗೆ 56 ಪೈಸೆ, ಸೋಮವಾರಕ್ಕೆ 64 ಪೈಸೆ, ಮಂಗಳವಾರಕ್ಕೆ 90 ಪೈಸೆ ಬೆಲೆ ಸಿಕ್ಕಂತಾಯಿತು. ಮಂಗಳವಾರಕ್ಕೇ ಹಾಕಿ.

ಈ ₹7,500ರ ಗೆರೆ ನೆನಪಿರಲಿ. ₹7,400ರ ರೂಮು ತೆರಿಗೆ ಸೇರಿ ₹7,770 ಆಗುತ್ತದೆ, ₹7,600ರದ್ದು ₹8,968. ಬಾಡಿಗೆಯಲ್ಲಿ ₹200 ವ್ಯತ್ಯಾಸ, ಬಿಲ್ಲಿನಲ್ಲಿ ₹1,198. ಗೆರೆ ದಾಟಿದ ರಾತ್ರಿಗೆ ಪಾಯಿಂಟ್, ದಾಟದ ರಾತ್ರಿಗೆ ರೊಕ್ಕ: ಲೆಕ್ಕ ಹಾಕಲು ಪುರುಸೊತ್ತಿಲ್ಲದಿದ್ದರೆ ಇಷ್ಟು ನೋಡಿಕೊಂಡರೂ ನಡೆಯುತ್ತದೆ. ಮ್ಯಾರಿಯಟ್, ಹಿಲ್ಟನ್‌ನಂಥ ಹೋಟೆಲ್ ಸಮೂಹಗಳಲ್ಲಿ ಪಾಯಿಂಟ್ ಬೆಲೆಯೂ ದಿನದಿಂದ ದಿನಕ್ಕೆ ಬದಲಾಗುವುದರಿಂದ ಅಲ್ಲಿ ಒಂದೊಂದು ರಾತ್ರಿಯನ್ನೂ ಬೇರೆಯಾಗಿಯೇ ಭಾಗಿಸಿ ನೋಡಬೇಕು.

ದುಬಾರಿ ರಾತ್ರಿ ನಡುವಿನದಾಗಿದ್ದರೆ ಬುಕಿಂಗ್ ಮೂರಾಗುತ್ತವೆ, ತಾಪತ್ರಯವೂ ಹೆಚ್ಚು. ವ್ಯತ್ಯಾಸ ಸಾವಿರ ರೂಪಾಯಿಯೊಳಗಿದ್ದರೆ ಮೊದಲ ಅಥವಾ ಕೊನೆಯ ರಾತ್ರಿಗೇ ಪಾಯಿಂಟ್ ಹಾಕುವುದು ಲೇಸು.

ಕ್ರಮ ಹೀಗಿರಲಿ: ಮೊದಲು ಪಾಯಿಂಟ್ ರಾತ್ರಿ ಹಿಡಿಯಿರಿ, ಅದು ಖಚಿತವಾದ ಮೇಲೆ ರೊಕ್ಕದ ರಾತ್ರಿಗಳನ್ನು ಹಿಡಿಯಿರಿ. ಎರಡಕ್ಕೂ ರದ್ದತಿ ನಿಯಮ ಬೇರೆ ಬೇರೆ. ಪಾಯಿಂಟ್ ಬುಕಿಂಗ್ ರದ್ದಾದರೆ ರೊಕ್ಕದ್ದು ತಾನಾಗಿ ರದ್ದಾಗುವುದಿಲ್ಲ. ಮುಂಗಡ ಪೂರ್ತಿ ಕಟ್ಟಿ ವಾಪಸ್ ಸಿಗದ ದರವನ್ನು ತೆಗೆದುಕೊಂಡು, ಆಮೇಲೆ ಪಾಯಿಂಟ್ ರೂಮಿಗೆ ಹುಡುಕಾಡುವುದು ಮಾತ್ರ ಬೇಡ.

ಹಾಗೆ ಎರಡು ಬುಕಿಂಗ್ ಮಾಡಿದರೆ ನಡುವೆ ರೂಮು ಖಾಲಿ ಮಾಡಿ ಮತ್ತೊಂದಕ್ಕೆ ಹೋಗಬೇಕಾಗುತ್ತದೆಯೇ? ವಯಸ್ಸಾದ ತಾಯಿ ಜೊತೆಗಿರುತ್ತಾರೆ.
– ಶಿಕ್ಷಕಿ, ಸಿಂಧನೂರು

ಸರಿಯಾಗಿ ತಿಳಿಸಿದ್ದರೆ ಬೇಕಿಲ್ಲ. ಹೋಟೆಲಿನ ಕಂಪ್ಯೂಟರಿಗೆ ಎರಡು ಬುಕಿಂಗ್ ಎಂದರೆ ಇಬ್ಬರು ಅತಿಥಿಗಳು. ಅವೆರಡೂ ನಿಮ್ಮದೇ ಎಂದು ಅಲ್ಲಿನ ಸಿಬ್ಬಂದಿಗೆ ಮೊದಲೇ ಗೊತ್ತಾಗಬೇಕು. ಅದಕ್ಕೆ ಎರಡರಲ್ಲೂ ಹೆಸರು ಒಂದೇ ಕಾಗುಣಿತದಲ್ಲಿರಲಿ, ಸದಸ್ಯತ್ವ ಸಂಖ್ಯೆ ಒಂದೇ ಇರಲಿ, ಮುಖ್ಯವಾಗಿ ರೂಮಿನ ಬಗೆ ಒಂದೇ ಇರಲಿ. ಪಾಯಿಂಟ್‌ಗೆ ಸಿಗುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳದರ್ಜೆಯ ರೂಮು. ರೊಕ್ಕದ ರಾತ್ರಿಗೆ ಮೇಲ್ದರ್ಜೆಯದನ್ನು ಹಿಡಿದಿದ್ದರೆ ರೂಮು ಬದಲಾಯಿಸದೆ ಗತ್ಯಂತರವಿಲ್ಲ. ಎರಡು ಹಾಸಿಗೆ ಬೇಕೋ ಒಂದು ದೊಡ್ಡದು ಬೇಕೋ ಎಂಬುದೂ ಎರಡರಲ್ಲಿ ಹೊಂದಬೇಕು.

ಹೋಗುವ ಎರಡು ದಿನ ಮೊದಲು ಹೋಟೆಲಿನ ನೇರ ನಂಬರಿಗೆ ಫೋನ್ ಮಾಡಿ ಫ್ರಂಟ್ ಆಫೀಸ್ ಕೇಳಿ. ಎರಡೂ ಬುಕಿಂಗ್ ನಂಬರ್ ಕೊಟ್ಟು ‘ಲಿಂಕ್ ಮಾಡಿ, ಒಂದೇ ರೂಮು ಇಡಿ’ ಎನ್ನಿ. ಕಂಪನಿಯ ಟೋಲ್‌ಫ್ರೀ ನಂಬರಿಗೆ ಹೇಳಿದರೆ ಸಾಲದು, ಅವರು ಟಿಪ್ಪಣಿ ಬರೆಯಬಲ್ಲರು, ರೂಮು ಹಂಚುವವರು ಹೋಟೆಲಿನವರೇ. ಚೆಕ್‌ಇನ್ ಹೊತ್ತಿಗೆ ರಿಸೆಪ್ಷನ್‌ನಲ್ಲಿ ಇನ್ನೊಮ್ಮೆ ಹೇಳಿ, ಎರಡೂ ಬುಕಿಂಗ್‌ಗೆ ಆಗಲೇ ಗುರುತಿನ ಚೀಟಿ ಕೊಟ್ಟು ಸಹಿ ಮಾಡಿಬಿಡಿ.

ಹಾಗಿದ್ದೂ ಆಗುವ ತೊಂದರೆ ಕೀ ಕಾರ್ಡಿನದು. ಮೊದಲ ಬುಕಿಂಗ್ ಮುಗಿಯುವ ದಿನ ಮಧ್ಯಾಹ್ನ ಕಾರ್ಡ್ ನಿಂತುಹೋಗುತ್ತದೆ. ಅವತ್ತು ಬೆಳಿಗ್ಗೆ ತಿಂಡಿಗೆ ಇಳಿದಾಗಲೇ ಅದನ್ನು ಹೊಸದಾಗಿ ಬರೆಸಿಕೊಳ್ಳಿ. ಇಲ್ಲದಿದ್ದರೆ ತಾಯಿಯವರು ಬಾಗಿಲ ಹೊರಗೆ ನಿಲ್ಲಬೇಕಾದೀತು. ತಿಂಡಿಯೂ ಅಷ್ಟೇ: ರೊಕ್ಕದ ದರದಲ್ಲಿ ಸೇರಿರಬಹುದು, ಪಾಯಿಂಟ್ ರಾತ್ರಿಯಲ್ಲಿ ಬಹಳ ಕಡೆ ಸೇರಿರುವುದಿಲ್ಲ. ಮರುದಿನ ರೆಸ್ಟೋರೆಂಟಿನಲ್ಲಿ ಬಿಲ್ ಬಂದಾಗ ವಾದ ಮಾಡುವ ಬದಲು ಬುಕಿಂಗ್ ಪತ್ರದಲ್ಲಿ ಮೊದಲೇ ನೋಡಿಕೊಳ್ಳಿ.

ಠೇವಣಿಯನ್ನು ಎರಡು ಸಲ ಹಿಡಿಯದಂತೆಯೂ ಕೇಳಿಕೊಳ್ಳಿ. ಡೆಬಿಟ್ ಕಾರ್ಡ್ ಕೊಟ್ಟರೆ ಆ ಮೊತ್ತ ಖಾತೆಯಿಂದಲೇ ಹೋಗಿ, ವಾಪಸ್ ಬರಲು ಹಲವು ದಿನ ಹಿಡಿಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಬರೀ ತಡೆ ಬೀಳುತ್ತದೆ.

ಹಂಪಿ ಎಕ್ಸ್‌ಪ್ರೆಸ್ ಬೆಳ್ಳಂಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ, ಹೋಟೆಲಿನವರು ಮಧ್ಯಾಹ್ನದ ತನಕ ರೂಮು ಕೊಡುವುದಿಲ್ಲ. ಹಿಂದಿನ ರಾತ್ರಿಯನ್ನು ಪಾಯಿಂಟ್‌ನಲ್ಲಿ ಹಿಡಿದರೆ ಹೇಗೆ?
– ಬ್ಯಾಂಕ್ ನೌಕರ, ಕೊಪ್ಪಳ

ನಡೆಯುತ್ತದೆ, ಆದರೆ ಒಂದು ಅಪಾಯವಿದೆ. ಹೋಟೆಲ್‌ಗಳು ನಡುರಾತ್ರಿ ಕಳೆದ ಮೇಲೆ ಆ ದಿನದ ಲೆಕ್ಕ ಮುಗಿಸುತ್ತವೆ. ಆ ಹೊತ್ತಿಗೆ ಬಾರದವರನ್ನು ‘ನೋ ಶೋ’ ಎಂದು ಗುರುತಿಸಿ ರೂಮು ಬಿಡುತ್ತಾರೆ, ಪಾಯಿಂಟ್‌ಗಳೂ ಹೋಗುತ್ತವೆ. ಹೀಗಾಗಿ ಹಿಂದಿನ ಸಂಜೆ ರೈಲು ಹತ್ತುವ ಮೊದಲೇ ಫೋನ್ ಮಾಡಿ, ‘ಬೆಳಗಿನ ಜಾವ ಬರುತ್ತೇನೆ, ರೂಮು ಬಿಡಬೇಡಿ’ ಎಂದು ತಿಳಿಸಿ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ, ಅದನ್ನೇ ಮೇಲ್‌ನಲ್ಲೂ ಕಳಿಸಿ. ಆ್ಯಪ್‌ನಲ್ಲಿ ಮೊಬೈಲ್ ಚೆಕ್‌ಇನ್ ಇದ್ದರೆ ಅದನ್ನೂ ಮಾಡಿ.

ಒಬ್ಬರೇ ಹೋಗುವುದಾದರೆ ಇದಕ್ಕೆ ಪಾಯಿಂಟ್ ಸುಡಬೇಡಿ. ರಿಸೆಪ್ಷನ್‌ನಲ್ಲಿ ಸಾಮಾನು ಇಟ್ಟು, ಸ್ನಾನಕ್ಕೆ ವ್ಯವಸ್ಥೆ ಕೇಳಿ, ಕೆಲಸ ನೋಡಿಕೊಂಡು ಬಂದರೆ ಆ ಪಾಯಿಂಟ್ ದುಬಾರಿ ರಾತ್ರಿಗೆ ಉಳಿಯುತ್ತವೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಮಾತ್ರ ಇದು ಯೋಗ್ಯ.

ಜೀನ್ಸ್ ತಯಾರಿಕೆ ನಮ್ಮದು, ತಿಂಗಳಿಗೊಮ್ಮೆ ಮುಂಬೈಗೆ ಹೋಗುತ್ತೇನೆ. ಆ್ಯಪ್‌ನಲ್ಲಿ ‘ಸ್ವಲ್ಪ ಪಾಯಿಂಟ್, ಸ್ವಲ್ಪ ಹಣ’ ಎಂಬ ಆಯ್ಕೆ ಕಾಣುತ್ತದೆ. ಅದು ಲಾಭವೇ? ಜಿಎಸ್‌ಟಿ ವಾಪಸ್ ಪಡೆಯಲು ತೊಡಕಾಗುತ್ತದೆಯೇ?
– ಉದ್ಯಮಿ, ಬಳ್ಳಾರಿ

ಕಣ್ಣುಮುಚ್ಚಿ ಒಪ್ಪುವಂಥದ್ದಲ್ಲ, ಪ್ರತಿ ಸಲ ಲೆಕ್ಕ ಹಾಕಬೇಕು. ಪೂರ್ತಿ ರೊಕ್ಕದ ದರದಿಂದ ಈ ಆಯ್ಕೆಯಲ್ಲಿ ಕೇಳುವ ರೊಕ್ಕವನ್ನು ಕಳೆಯಿರಿ; ಎರಡೂ ತೆರಿಗೆ ಸೇರಿದ ಅಂಕಿಗಳಾಗಿರಲಿ. ಉಳಿದದ್ದನ್ನು ಕೇಳುವ ಪಾಯಿಂಟ್‌ಗಳಿಂದ ಭಾಗಿಸಿ. ₹8,000ರ ರೂಮು ತೆರಿಗೆ ಸೇರಿ ₹9,440. ಪೂರ್ತಿ ಪಾಯಿಂಟ್‌ಗಾದರೆ 12,000, ಅಂದರೆ ಪಾಯಿಂಟ್‌ಗೆ 79 ಪೈಸೆ. ‘5,000 ಪಾಯಿಂಟ್ ಮತ್ತು ₹5,200’ ಎಂದರೆ ಪಾಯಿಂಟ್‌ಗೆ 85 ಪೈಸೆ, ತೆಗೆದುಕೊಳ್ಳಿ. ‘5,000 ಪಾಯಿಂಟ್ ಮತ್ತು ₹6,500’ ಎಂದರೆ 59 ಪೈಸೆ, ಬಿಟ್ಟುಬಿಡಿ.

ಹೋಟೆಲ್ ಕಂಪನಿಯಿಂದ ಕಂಪನಿಗೆ ರೀತಿ ಬೇರೆ. ಹಯಾತ್‌ನಲ್ಲಿ ಅರ್ಧ ಪಾಯಿಂಟ್ ಮತ್ತು ಆ ದಿನದ ಸಾಮಾನ್ಯ ದರದ ಅರ್ಧ ಹಣ. ಈ ಅರ್ಧ ಲೆಕ್ಕ ಹಾಕುವುದು ಸದಸ್ಯರ ರಿಯಾಯಿತಿ ದರದ ಮೇಲಲ್ಲ. ಆದ್ದರಿಂದ ನೀವು ಹೋಲಿಸಬೇಕಾದ್ದು ರಿಯಾಯಿತಿ ದರದ ಜೊತೆ. ಹಿಲ್ಟನ್‌ನಲ್ಲಿ ಎಷ್ಟು ಪಾಯಿಂಟ್ ಹಾಕುತ್ತೀರೆಂದು ನೀವೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಅಕಾರ್‌ನಲ್ಲಿ 2,000 ಪಾಯಿಂಟ್‌ಗೆ 40 ಯೂರೋ ಬಿಲ್ಲಿನಲ್ಲಿ ಕಡಿತ, ಬೆಲೆ ಸ್ಥಿರ. ಐಎಚ್‌ಜಿಯಲ್ಲಿ (ಇಂಟರ್‌ಕಾಂಟಿನೆಂಟಲ್ ಹೋಟೆಲ್ಸ್ ಗ್ರೂಪ್) ಎಚ್ಚರ ಬೇಕು: ಅಲ್ಲಿ ನೀವು ಕೊಡುವ ಹಣದಿಂದ ಕೊರತೆಯ ಪಾಯಿಂಟ್‌ಗಳನ್ನು ಕೊಂಡಂತೆ. ಬುಕಿಂಗ್ ರದ್ದು ಮಾಡಿದರೆ ಅಷ್ಟೂ ಪಾಯಿಂಟ್ ರೂಪದಲ್ಲೇ ಬರುತ್ತವೆ, ಹಣ ಬರುವುದಿಲ್ಲ. ಹೋಗುವುದು ಖಚಿತವಿಲ್ಲದ ಪ್ರವಾಸಕ್ಕೆ ಈ ಆಯ್ಕೆ ಬೇಡ.

ಐದು ರಾತ್ರಿ ಇರುವ ಸಂದರ್ಭ ಬಂದರೆ ಪಾಯಿಂಟ್ ಮತ್ತು ರೊಕ್ಕ ಬೆರೆಸುವ ಮುನ್ನ ನಿಲ್ಲಿ. ಮ್ಯಾರಿಯಟ್‌ನಲ್ಲಿ ಸತತ ಐದು ರಾತ್ರಿಯನ್ನು ಒಂದೇ ಬುಕಿಂಗ್‌ನಲ್ಲಿ ಪೂರ್ತಿ ಪಾಯಿಂಟ್‌ಗೆ ಹಿಡಿದರೆ ಅತಿ ಕಡಿಮೆ ಪಾಯಿಂಟ್‌ನ ರಾತ್ರಿ ಉಚಿತ. ಹಿಲ್ಟನ್‌ನಲ್ಲಿ ಹಾಗೆಯೇ ಹಿಡಿದರೆ ಸಿಲ್ವರ್ ದರ್ಜೆಯ ಮತ್ತು ಅದಕ್ಕೂ ಮೇಲಿನ ಸದಸ್ಯರಿಗೆ ಐದನೆಯ ರಾತ್ರಿ ಉಚಿತ. ನಾಲ್ಕು ಪಾಯಿಂಟ್‌ಗೆ, ಒಂದು ರೊಕ್ಕಕ್ಕೆ ಎಂದು ಒಡೆದರೆ ಆ ಸೌಲಭ್ಯ ಕೈತಪ್ಪುತ್ತದೆ.

ಇನ್ನು ಜಿಎಸ್‌ಟಿ. ಹೋಟೆಲ್ ವಾಸ್ತವ್ಯದ ತೆರಿಗೆ ಹೋಟೆಲ್ ಇರುವ ರಾಜ್ಯದ್ದು. ಮುಂಬೈ ಹೋಟೆಲ್ ಕೇಂದ್ರದ ಮತ್ತು ಮಹಾರಾಷ್ಟ್ರದ ಪಾಲು ಹಾಕುತ್ತದೆ. ಕರ್ನಾಟಕದಲ್ಲಷ್ಟೇ ನೋಂದಣಿ ಇರುವ ನಿಮಗೆ ಅದರ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗದು, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಹಾಕಿಸಿದರೂ ಸಿಗದು. ಬೆಂಗಳೂರಿನಲ್ಲಿ ವ್ಯಾಪಾರದ ಕೆಲಸಕ್ಕೆಂದೇ ಉಳಿದರೆ 18% ತೆರಿಗೆಯ ಕ್ರೆಡಿಟ್ ಪಡೆಯಬಹುದು. ಹೀಗಾಗಿ ನಿಮ್ಮಂಥವರು ಬೆಂಗಳೂರಿನಲ್ಲಿ ರೊಕ್ಕ ಕೊಟ್ಟು ಬಿಲ್ ಪಡೆದು, ಮುಂಬೈ, ಹೈದರಾಬಾದ್‌ಗಳಲ್ಲಿ ಪಾಯಿಂಟ್ ಖರ್ಚು ಮಾಡುವುದು ಜಾಣತನ. ಬೆಂಗಳೂರಿನ 18% ತೆರಿಗೆಯ ರೂಮಿನ ಲೆಕ್ಕ ಹಾಕುವಾಗ ತೆರಿಗೆ ಬಿಟ್ಟು ಭಾಗಿಸಿ, ಮುಂಬೈಯದಕ್ಕೆ ಸೇರಿಸಿ ಭಾಗಿಸಿ. ಪಾಯಿಂಟ್ ರಾತ್ರಿ, ರೊಕ್ಕದ ರಾತ್ರಿ ಎರಡೂ ಇದ್ದಾಗ ಬಿಲ್ಲುಗಳನ್ನು ಬೇರೆ ಬೇರೆ ಕೇಳಿ ಪಡೆಯಿರಿ.

ಆನ್‌ಲೈನ್ ಪ್ರಯಾಣ ಆ್ಯಪ್‌ನಲ್ಲಿ ₹500 ಕಡಿಮೆ ಇತ್ತೆಂದು ಬುಕ್ ಮಾಡಿದೆ. ಪಾಯಿಂಟ್ ಸೇರಲಿಲ್ಲ. ಸದಸ್ಯತ್ವ ಸಂಖ್ಯೆಯನ್ನು ಚೆಕ್‌ಇನ್‌ನಲ್ಲಿ ಕೊಟ್ಟಿದ್ದೆ.
– ಔಷಧ ಪ್ರತಿನಿಧಿ, ರಾಯಚೂರು

ಸೇರುವುದಿಲ್ಲ. ದೊಡ್ಡ ಹೋಟೆಲ್ ಸಮೂಹಗಳು ತಮ್ಮದೇ ಆ್ಯಪ್, ವೆಬ್‌ಸೈಟ್ ಅಥವಾ ಫೋನ್ ಮೂಲಕ ಹಿಡಿದ ರೂಮಿಗೆ ಪಾಯಿಂಟ್ ಕೊಡುತ್ತವೆ. ಮಧ್ಯವರ್ತಿ ಆ್ಯಪ್‌ನ ಬಾಡಿಗೆಗೆ ಸಾಮಾನ್ಯವಾಗಿ ಇಲ್ಲ. ಒಂದು ರಾತ್ರಿ ಪಾಯಿಂಟ್‌ನಲ್ಲಿ, ಮುಂದಿನದು ಮಧ್ಯವರ್ತಿಯಲ್ಲಿ ಹಿಡಿದರೆ ಇನ್ನೂ ಕಷ್ಟ: ಆ ಬುಕಿಂಗ್ ತಿದ್ದುವ ಅಧಿಕಾರ ಹೋಟೆಲಿಗೇ ಇರದೆ, ಎರಡನ್ನು ಜೋಡಿಸಲು ಹಿಂಜರಿಯುತ್ತಾರೆ. ₹500 ಉಳಿತಾಯವನ್ನು ಸದಸ್ಯರ ದರದ ಜೊತೆ ಹೋಲಿಸಿ ನೋಡಿ, ಬಹಳ ಸಲ ಅದು ಕರಗಿಹೋಗುತ್ತದೆ.

ತೋರಣಗಲ್ಲಿನ ಹಯಾತ್ ಪ್ಲೇಸ್‌ನಲ್ಲಿ ಬೀಗರಿಗೆ ಎರಡು ರೂಮು ಬೇಕು. ಒಂದು ಪಾಯಿಂಟ್‌ನಲ್ಲಿ, ಇನ್ನೊಂದು ರೊಕ್ಕಕ್ಕೆ ಹಿಡಿಯಬಹುದೇ? ನಾವು ಅಲ್ಲಿ ಉಳಿಯುವುದಿಲ್ಲ.
– ಗೃಹಿಣಿ, ಸಂಡೂರು

ಹಿಡಿಯಬಹುದು. ಪಾಯಿಂಟ್ ರೂಮನ್ನು ಬೀಗರ ಹೆಸರಿಗೆ ಮಾಡಿಸಲು ಸದಸ್ಯರ ಸಹಾಯವಾಣಿಗೆ ಫೋನ್ ಮಾಡಿ, ಅವರ ಆಧಾರ್‌ನಲ್ಲಿರುವಂತೆಯೇ ಹೆಸರು ಹೇಳಿ. ಹೆಸರು ನಿಮ್ಮದೇ ಉಳಿದರೆ ರಿಸೆಪ್ಷನ್‌ನಲ್ಲಿ ಅವರನ್ನು ನಿಲ್ಲಿಸಿ ನಿಮಗೆ ಫೋನ್ ಮಾಡುತ್ತಾರೆ; ಬೀಗರ ಮುಂದೆ ಅದು ಚೆನ್ನಾಗಿರದು. ರೊಕ್ಕದ ರೂಮಿನ ಪಾಯಿಂಟ್ ನಿಮ್ಮ ಖಾತೆಗೆ ಬರುವುದಿಲ್ಲ. ಹಯಾತ್ ಗರಿಷ್ಠ ಮೂರು ರೂಮುಗಳಿಗೆ ಪಾಯಿಂಟ್ ಕೊಡುತ್ತದಾದರೂ ಹಣ ಕೊಡುವವರು ಅವುಗಳಲ್ಲಿ ಒಂದರಲ್ಲಿ ಉಳಿದಿರಬೇಕು. ರೂಮುಗಳು ಅಕ್ಕಪಕ್ಕ ಬೇಕಾದರೆ ಹೋಟೆಲಿಗೇ ನೇರವಾಗಿ ಹೇಳಿ. ಮದುವೆಗೆಂದು ಹತ್ತಾರು ರೂಮನ್ನು ಚೌಕಾಸಿ ಮಾಡಿ ಹಿಡಿಯುವುದಾದರೆ ಆ ದರಕ್ಕೆ ಪಾಯಿಂಟ್ ಉಂಟೋ ಇಲ್ಲವೋ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಬರೆಸಿಕೊಳ್ಳಿ.

ಕ್ರೆಡಿಟ್ ಕಾರ್ಡಿನ ಪಾಯಿಂಟ್‌ಗಳನ್ನು ಹೋಟೆಲ್ ಖಾತೆಗೆ ಈಗಲೇ ವರ್ಗಾಯಿಸಿಡಲೇ?
– ವಕೀಲ, ಮಾನ್ವಿ

ಬೇಡ. ಒಮ್ಮೆ ಹೋದ ಪಾಯಿಂಟ್ ಕಾರ್ಡಿಗೆ ವಾಪಸ್ ಬರುವುದಿಲ್ಲ. ಬೇಕಾದ ರಾತ್ರಿಗೆ ಪಾಯಿಂಟ್ ರೂಮು ಇದೆಯೆಂದು ಆ್ಯಪ್‌ನಲ್ಲಿ ಕಣ್ಣಾರೆ ನೋಡಿ, ಆಮೇಲೆ ಕಳಿಸಿ. ಕೆಲವು ತಕ್ಷಣ ಸೇರುತ್ತವೆ, ಕೆಲವಕ್ಕೆ ದಿನಗಳೇ ಹಿಡಿಯುತ್ತವೆ. ಆ ನಡುವೆ ರೂಮು ಹೋದೀತೆಂಬ ಭಯವಿದ್ದರೆ ಅದೇ ರಾತ್ರಿಗೆ ರದ್ದು ಮಾಡಬಹುದಾದ ರೊಕ್ಕದ ಬುಕಿಂಗ್ ಒಂದನ್ನು ಹಿಡಿದಿಟ್ಟು, ಪಾಯಿಂಟ್ ರೂಮು ಖಚಿತವಾದ ಮೇಲೆ ಗಡುವಿನೊಳಗೆ ಅದನ್ನು ಬಿಡಿ.

ಹೋಟೆಲ್ ಖಾತೆಯಲ್ಲಿರುವ ಪಾಯಿಂಟ್‌ಗೆ ಆಯುಷ್ಯವೂ ಇದೆ. ಮ್ಯಾರಿಯಟ್, ಹಿಲ್ಟನ್, ಹಯಾತ್‌ಗಳಲ್ಲಿ 24 ತಿಂಗಳು ಖಾತೆ ಅಲುಗದಿದ್ದರೆ ಪಾಯಿಂಟ್ ಅಳಿಯುತ್ತವೆ. ಐಎಚ್‌ಜಿಯ ಸಾಮಾನ್ಯ ಸದಸ್ಯರಿಗೆ 12 ತಿಂಗಳು. ಪಾಯಿಂಟ್ ಗಳಿಸಿದರೂ ಖರ್ಚು ಮಾಡಿದರೂ ಗಡುವು ಮುಂದಕ್ಕೆ ಹೋಗುತ್ತದೆ. ಗಡುವು ಹತ್ತಿರವಿದ್ದು ಪ್ರವಾಸ ಇಲ್ಲದಿದ್ದರೆ ಕಾರ್ಡಿನಿಂದ ಸಣ್ಣ ಮೊತ್ತವೊಂದನ್ನು ಮಾತ್ರ ವರ್ಗಾಯಿಸಿ, ಖಾತೆಯಲ್ಲಿ ಹೊಸ ಗಡುವಿನ ದಿನಾಂಕ ಬದಲಾಗಿದೆಯೇ ಎಂದು ನೋಡಿಕೊಳ್ಳಿ.