ಪೋಲಾರ್ ಪಾರ್ಕಿನಲ್ಲಿ ಒಬ್ಬ ಹುಡುಗನನ್ನು ನೋಡು

ತಮ್ಮಾ, ವುಸ್ಟರ್‌ಗೆ ಬಂದು ಮೂರು ತಿಂಗಳಾಯಿತು ಅಂತ ಬರೆದಿದ್ದೀಯ. ಬೆಂಗಳೂರಲ್ಲಿ ಎಂಟು ಜನರ ಟೀಮ್ ನಡೆಸುತ್ತಿದ್ದವನಿಗೆ ಇಲ್ಲಿ ಬೇರೆಯವರು ಬರೆದ ಕೋಡ್ ತಿದ್ದುವ ಕೆಲಸ. ಊಟದ ಹೊತ್ತಲ್ಲಿ ಎಲ್ಲರೂ ಬೇಸ್‌ಬಾಲ್ ಮಾತಾಡುತ್ತಾರೆ, ಒಂದಕ್ಷರ ತಲೆಗೆ ಹೋಗಲ್ಲ. "ಇಲ್ಲಿ ನಾನು ಒಂದು ಹಂತಕ್ಕೆ ಬರೋದು ಯಾವಾಗ ಅಣ್ಣಾ?" ಅಂತ ಕೇಳಿದ್ದೀಯ.

ಬೇಸ್‌ಬಾಲ್‌ನಿಂದಲೇ ಶುರು ಮಾಡುತ್ತೇನೆ. ನಿನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಪೋಲಾರ್ ಪಾರ್ಕ್ ಇದೆ. ಅಲ್ಲಿ ಆಡುವುದು ವುಸ್ಟರ್ ರೆಡ್ ಸಾಕ್ಸ್. ದೇಶದ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಆಡುವ ಬಾಸ್ಟನ್ ರೆಡ್ ಸಾಕ್ಸ್‌ಗೆ ಒಂದು ಮೆಟ್ಟಿಲು ಕೆಳಗಿನ ತಂಡ. ಈ ತಂಡ ಮೊದಲು ಪಕ್ಕದ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿತ್ತು, 2021ರಲ್ಲಿ ಇಲ್ಲಿಗೆ ಬಂತು.

ನಮ್ಮಲ್ಲಿ ಹುಡುಗ ಲೀಗ್ ಕ್ರಿಕೆಟ್ ಆಡಿ, ಅಂಡರ್-19 ದಾಟಿ ರಣಜಿಗೆ ಬರುತ್ತಾನೆ. ಕರ್ನಾಟಕ ರಣಜಿ ಗೆದ್ದರೆ ಅದು ಕರ್ನಾಟಕದ್ದೇ ಗೆಲುವು, ಅಲ್ವಾ? ಇಲ್ಲಿ ಹಾಗಲ್ಲ. ಆಟಗಾರನಿಗೆ ಸಂಬಳ ಕೊಡುವುದು ಬಾಸ್ಟನ್. ಇವತ್ತು ಯಾವ ಊರಲ್ಲಿ, ಯಾವ ಜಾಗದಲ್ಲಿ ಆಡಬೇಕು ಅಂತ ಹೇಳುವುದೂ ಬಾಸ್ಟನ್. ಮುಖ್ಯವಾಗಿ ನಾಲ್ಕು ಹಂತ: ವರ್ಜೀನಿಯಾದ ಸೇಲಂ, ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್, ಮೇನ್‌ನ ಪೋರ್ಟ್‌ಲ್ಯಾಂಡ್, ಕೊನೆಗೆ ವುಸ್ಟರ್. ನಾನು ನೋಡಿಕೊಂಡು ಬಂದ ಮಾರ್ಸೆಲೊ ಮೇಯರ್ ಇದೇ ದಾರಿ ಹಿಡಿದು ಬಂದವನು.

2021ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಇಡೀ ದೇಶಕ್ಕೆ ನಾಲ್ಕನೆಯವನಾಗಿ ಆಯ್ಕೆಯಾದ. ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾದ ಹೈಸ್ಕೂಲ್ ಹುಡುಗ, ವಯಸ್ಸು 18. ಸಹಿ ಹಾಕಿದ್ದಕ್ಕೇ 66 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟರು. ಅಷ್ಟು ಹಣ ಕೊಟ್ಟ ಮೇಲೆ ನೇರವಾಗಿ ಬಾಸ್ಟನ್‌ನಲ್ಲಿ ಆಡಿಸಬಹುದಿತ್ತಲ್ಲ ಅಂತ ನನಗೂ ಅನ್ನಿಸಿತ್ತು. ಆಡಿಸಲಿಲ್ಲ. ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿಸಿದರು.

2023ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದಾಗ ಕಷ್ಟ ಶುರುವಾಯಿತು. ಭುಜಕ್ಕೆ ನೋವು, ಬ್ಯಾಟಿಂಗ್ ಸರಾಸರಿ .189. ಅಂದರೆ ನೂರು ಸಲಕ್ಕೆ ಹತ್ತೊಂಬತ್ತೇ ಹಿಟ್. ಈ ಆಟದಲ್ಲಿ ನೂರಕ್ಕೆ ಮೂವತ್ತು ಹೊಡೆದರೆ ದೊಡ್ಡ ಆಟಗಾರ, ಇಪ್ಪತ್ತಕ್ಕಿಂತ ಕಮ್ಮಿ ಆದರೆ ಜನ ಗೊಣಗುತ್ತಾರೆ. ಮುಂದಿನ ವರ್ಷವೂ ಅವನನ್ನು ಪೋರ್ಟ್‌ಲ್ಯಾಂಡ್‌ನಲ್ಲೇ ಆಡಿಸಿದರು. ಸರಾಸರಿ .307ಕ್ಕೆ ಏರಿತು. ವುಸ್ಟರ್‌ಗೆ ಬಡ್ತಿಯೂ ಸಿಕ್ಕಿತು. ಆದರೆ ಬೆನ್ನು ನೋವು ಬಂದು ಆ ವರ್ಷ ಇಲ್ಲಿ ಒಂದು ಮ್ಯಾಚೂ ಆಡಲಿಲ್ಲ.

2025ರ ಏಪ್ರಿಲ್‌ನಲ್ಲಿ ಅವನನ್ನು ಹತ್ತಿರದಿಂದ ನೋಡಿದೆ. ಮೂರನೇ ಬೇಸ್ ಕಡೆ ಕೂತಿದ್ದೆ (ಬೇಸ್ ಅಂದರೆ ಹೊಡೆದವನು ಓಡಿ ಮುಟ್ಟಬೇಕಾದ ಗುರುತು), ಕೈ ಮರಗಟ್ಟುವ ಚಳಿ. ಬ್ಯಾಟಿಂಗ್ ಬಿಡು, ಅದನ್ನು ಎಲ್ಲರೂ ನೋಡುತ್ತಾರೆ. ಫೀಲ್ಡಿಂಗ್‌ಗೆ ನಿಂತಾಗ ಅವನ ಕಾಲು ನೋಡಬೇಕು. ಚೆಂಡು ಎಸೆಯುವವನು ಕೈ ಎತ್ತಿದ ಕೂಡಲೇ ಎರಡು ಸಣ್ಣ ಹೆಜ್ಜೆ ಮುಂದೆ, ಆಮೇಲೆ ಒಂದು ಪುಟ್ಟ ಜಿಗಿತ. ಚೆಂಡು ಬ್ಯಾಟಿಗೆ ತಾಗುವ ಹೊತ್ತಿಗೆ ಕಾಲು ನೆಲ ಮುಟ್ಟಿರುತ್ತದೆ, ಎಡಕ್ಕೂ ಬಲಕ್ಕೂ ರೆಡಿ. ಚೆಂಡು ಬರಲಿ, ಬಾರದಿರಲಿ, ಪ್ರತಿ ಎಸೆತಕ್ಕೂ ಇದೇ. ಒಂದು ರಾತ್ರಿಗೆ ನೂರಕ್ಕೂ ಜಾಸ್ತಿ ಸಲ. ಹೊಡೆದವನು ಮೊದಲ ಬೇಸ್ ಮುಟ್ಟಲು 90 ಅಡಿ ಓಡಬೇಕು, ಅದಕ್ಕೆ ನಾಲ್ಕು ಸೆಕೆಂಡಿನ ಆಸುಪಾಸು ಸಾಕು. ಅಷ್ಟರೊಳಗೆ ಚೆಂಡು ಹಿಡಿದು, ಗ್ಲೌಸಿನಿಂದ ಕೈಗೆ ತೆಗೆದು, ಅಡ್ಡಕ್ಕೆ ಎಸೆದು ಮುಟ್ಟಿಸಬೇಕು. ಪುಟಿತ ಕೆಟ್ಟರೆ ಮುಖಕ್ಕೇ ಬರುತ್ತದೆ. ಪ್ರತಿ ಇನಿಂಗ್ಸ್ ಶುರುವಾಗುವ ಮುಂಚೆ ಮೊದಲ ಬೇಸಿನ ಹತ್ತಿರ ನಿಲ್ಲುವವನು ಉಳಿದ ಬೇಸ್‌ಗಳ ಆಸುಪಾಸು ನಿಲ್ಲುವವರಿಗೆ ಒಂದೊಂದು ಚೆಂಡು ಉರುಳಿಸುತ್ತಾನೆ. ಮೇಯರ್ ಆ ಸುಲಭದ ಚೆಂಡಿಗೂ ಪೂರ್ತಿ ಬಗ್ಗುತ್ತಿದ್ದ. ನನಗೆ ಅದು ತುಂಬಾ ಇಷ್ಟವಾಯಿತು.

ಅವನು ಹುಟ್ಟಾ ಶಾರ್ಟ್‌ಸ್ಟಾಪ್, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು. ವುಸ್ಟರ್‌ನಲ್ಲಿ ಅವನನ್ನು ಎರಡನೇ ಬೇಸ್, ಮೂರನೇ ಬೇಸ್‌ನಲ್ಲೂ ನಿಲ್ಲಿಸಿದರು. ತನ್ನ ಜಾಗ ಬಿಟ್ಟು ಬೇರೆ ಜಾಗ ಕೊಟ್ಟರೆ ಬೇಜಾರಾಗುತ್ತದೆ, ನಿನಗೆ ಗೊತ್ತಲ್ಲ. ಮೇ ತಿಂಗಳಲ್ಲಿ ಬಾಸ್ಟನ್‌ನ ಮೂರನೇ ಬೇಸಿನ ಅಲೆಕ್ಸ್ ಬ್ರೆಗ್‌ಮನ್ ತೊಡೆಗೆ ಪೆಟ್ಟಾಯಿತು. ಮರುದಿನ, ಮೇ 24ಕ್ಕೆ, ಮೇಯರ್ ಬಾಸ್ಟನ್‌ನ ಮೈದಾನ ಫೆನ್‌ವೇಯಲ್ಲಿ ಆಡುತ್ತಿದ್ದ. ಮೂರನೇ ಬೇಸ್‌ನಲ್ಲೇ! ಅಲ್ಲೂ ಹಾದಿ ಸುಗಮ ಆಗಲಿಲ್ಲ. ಜುಲೈನಲ್ಲಿ ಮಣಿಕಟ್ಟು ಕೈಕೊಟ್ಟಿತು, ಆಪರೇಷನ್ ಆಯಿತು, 44 ಮ್ಯಾಚಿಗೇ ಆ ಸೀಸನ್ ಮುಗಿಯಿತು.

ಇಲ್ಲಿನವರ ಒಂದು ಗುಣ ಹೇಳಬೇಕು. ಒಳ್ಳೆಯ ಆಟಗಾರನನ್ನು ಸೀಸನ್ ಮಧ್ಯದಲ್ಲಿ ಎತ್ತಿಕೊಂಡು ಹೋದರೆ ವುಸ್ಟರ್‌ನವರಿಗೆ ಸಿಟ್ಟು ಬರಲ್ಲ, ಖುಷಿಪಡುತ್ತಾರೆ. ಅವನು ನಾಲ್ಕು ವಾರ ಬಿಟ್ಟು ವಾಪಸ್ ಬಂದರೆ "ಸೋತು ಬಂದ" ಅಂತ ಯಾರೂ ಅನ್ನಲ್ಲ, ಎದ್ದು ಚಪ್ಪಾಳೆ ತಟ್ಟುತ್ತಾರೆ. ಹೋಗೋದು ಬರೋದು ಇಲ್ಲಿ ಮಾಮೂಲಿ. ದುಡ್ಡಿನ ವಿಷಯ ಬೇರೆ: ಮೇಜರ್ ಲೀಗ್‌ನಲ್ಲಿ 2025ಕ್ಕೆ ಕನಿಷ್ಠ ಸಂಬಳ 7,60,000 ಡಾಲರ್. ವುಸ್ಟರ್ ಹಂತಕ್ಕೆ 2023ರ ಒಪ್ಪಂದದಲ್ಲಿ ಗೊತ್ತಾದ ಕನಿಷ್ಠ 35,800, ಅದೂ ಎಷ್ಟೋ ವರ್ಷ ಕೇಳಿ ಕೇಳಿ ಸಿಕ್ಕಿದ್ದು.

ನಾನು ಬಂದಿದ್ದು 2007ರ ಏಪ್ರಿಲ್‌ನಲ್ಲಿ. ನನಗೂ ನಿನ್ನ ಥರಾನೇ ಆಯಿತು. ಹಿಂದಿನ ಮೂರು ವರ್ಷದ ಕೆಲಸವನ್ನು ಯಾರೂ ಕೇಳಲೇ ಇಲ್ಲ, ಟೆಸ್ಟಿಂಗ್‌ಗೆ ಕೂರಿಸಿದರು. ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ "ಕೆಲಸ ಚೆನ್ನಾಗಿದೆ" ಅಂತ ಸುಳ್ಳು ಹೇಳುತ್ತಿದ್ದೆ. ಆಗ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಡಸ್ಟಿನ್ ಪೆಡ್ರೋಯಾ. ಕುಳ್ಳ ಹುಡುಗ. ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಆಗಿದ್ದವನು, ಕೆಳಗಿನ ಹಂತಗಳಲ್ಲಿ (ಮೈನರ್ ಲೀಗ್) ಎರಡನೇ ಬೇಸ್ ಕಲಿತು ಬಂದಿದ್ದ. ಹಿಂದಿನ ವರ್ಷ ಬಾಸ್ಟನ್‌ಗೆ ಕರೆಸಿದಾಗ .191 ಹೊಡೆದಿದ್ದ. ಆ 2007ರ ಏಪ್ರಿಲ್‌ನಲ್ಲೂ ಅದೇ ಕಥೆ. "ಪಾಟಕೆಟ್‌ಗೆ ವಾಪಸ್ ಕಳಿಸಿ" ಅಂತ ಜನ ಕೂಗಿದರು. ಮ್ಯಾನೇಜರ್ ಟೆರಿ ಫ್ರಾಂಕೋನಾ ಕಳಿಸಲಿಲ್ಲ. ಸೀಸನ್ ಮುಗಿಯುವಾಗ ಅವನ ಸರಾಸರಿ .317. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಅಂತ ಪ್ರಶಸ್ತಿ, ಜೊತೆಗೆ ಸೀಸನ್ನಿನ ಕೊನೆಯ ಫೈನಲ್ ಆದ ವರ್ಲ್ಡ್ ಸೀರೀಸ್ ಗೆಲುವು. ಮರುವರ್ಷ ಲೀಗ್‌ಗೇ ಅತ್ಯುತ್ತಮ ಆಟಗಾರ. ಆ ಬೇಸಿಗೆಯೆಲ್ಲ ಅವನ ಸ್ಕೋರು ನೋಡುತ್ತಾ ನೋಡುತ್ತಾ ನಾನು ಊಟದ ಮೇಜಿನ ಮಾತಿಗೆ ಸೇರಿಕೊಂಡೆ. ಟೆಸ್ಟಿಂಗ್‌ನಲ್ಲಿ ಕೂತು ಇಡೀ ಸಿಸ್ಟಂ ಹೇಗೆ ನಡೆಯುತ್ತದೆ ಅಂತ ಕಲಿತೆ. ಹದಿನಾಲ್ಕು ತಿಂಗಳ ನಂತರ ಸ್ವಂತ ಪ್ರಾಜೆಕ್ಟ್ ಸಿಕ್ಕಿತು. ನಿನಗೂ ಅಷ್ಟೇ ಆಗುತ್ತೋ, ಬೇಗ ಆಗುತ್ತೋ ಹೇಳಲಾರೆ. ಆದರೆ ಬೇರೆಯವರ ಕೋಡ್ ತಿದ್ದುವಾಗ ಅದನ್ನು ಪೂರ್ತಿ ಓದು. ಅರ್ಥವಾಗದ್ದನ್ನು ಬರೆದವರನ್ನೇ ಹೋಗಿ ಕೇಳು. ಕೇಳಿದರೆ ಇಲ್ಲಿ ಯಾರೂ ಸಣ್ಣವನಾಗಿ ನೋಡಲ್ಲ.

ಪೋಲಾರ್ ಪಾರ್ಕಿನಲ್ಲಿ ಒಂದು ತಂಡ ಬಂದರೆ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಆರು ಮ್ಯಾಚ್. ಶನಿವಾರದ್ದಕ್ಕೆ ಮೂರನೇ ಬೇಸ್ ಕಡೆ ಎರಡು ಸೀಟು ತೆಗೆಸುತ್ತೇನೆ. ನಾನು ಶ್ರೂಸ್‌ಬರಿಯಿಂದ ಬರುವಾಗ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ. ದಪ್ಪ ಜಾಕೆಟ್ ಹಾಕಿಕೋ, ಬಿಸಿಲು ಕಂಡು ಮೋಸ ಹೋಗಬೇಡ. ಮ್ಯಾಚ್ ಮುಗಿದ ಮೇಲೆ ಊಟಕ್ಕೆ ನಮ್ಮ ಮನೆಗೇ ಬಾ, ನಿಮ್ಮ ಅತ್ತಿಗೆ ಬಿಸಿಬೇಳೆ ಬಾತ್ ಮಾಡುತ್ತಾಳಂತೆ.